ಉಪೆಂಗ್ ಮನೆಯ ಲಾತಿಕ್

ಸಾನ್ ಪಾಬ್ಲೊ ಪೇಟೆಯಲ್ಲಿ ತೆಂಗಿನಕಾಯಿ ಮಾರುವವರಿಗೇನು ಬರವಿಲ್ಲ. ಆದರೆ ಆಲಿಂಗ್ ಉಪೆಂಗ್ ಕಾಯಿ ಕೊಳ್ಳುವುದು ನನ್ನ ಅಂಗಡಿಯಲ್ಲಿ ಮಾತ್ರ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸರಿ, ಸ್ವಲ್ಪ ಜಂಬಕ್ಕೇ ಹೇಳುತ್ತಿದ್ದೇನೆ ಅಂತಲೇ ಇಟ್ಟುಕೊಳ್ಳಿ. ಅವಳು ಬಂದಳೆಂದರೆ ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ, ಮೂಸಿ ನೋಡುತ್ತಾಳೆ, ಬೆರಳಿನಿಂದ ಬಡಿಯುತ್ತಾಳೆ. ಹಿಂದೆ ನಿಂತ ಗಿರಾಕಿಗಳು ಗೊಣಗುತ್ತಲೇ ಇರುತ್ತಾರೆ.

"ಆಲಿಂಗ್ ಉಪೆಂಗ್, ಕಾಯಿ ತಗೋತೀರೋ, ಅಳಿಯನ್ನ ಆರಿಸ್ತಿದೀರೋ?" ಎಂದು ನಾನು ಕೇಳಿದರೆ ತಲೆಯನ್ನೂ ಎತ್ತುವುದಿಲ್ಲ.

"ಅಳಿಯ ಕೆಟ್ಟವನಾದ್ರೆ ಅವರಮ್ಮನ ಮನೆಗೆ ವಾಪಸ್ ಕಳಿಸ್ಬಹುದು ಸ್ಯೊನಿಂಗ್. ಕಾಯಿಹಾಲು ಒಡೆದ್ರೆ ಎಲ್ಲಿಗೆ ಕಳಿಸ್ಲಿ?"

ಅಳಿಯ ಎಲ್ಲಿಂದ ಬರಬೇಕು, ಅವಳಿಗೆ ಇರುವುದು ಒಬ್ಬನೇ ಮಗ. ಆದರೂ ಮಾತಿನಲ್ಲಿ ನನಗೆ ಸೋಲುವವಳಲ್ಲ. ನಾನೂ ಸೋಲುವವಳಲ್ಲವಾದ್ದರಿಂದ ನಮ್ಮಿಬ್ಬರ ಸ್ನೇಹ ಇಷ್ಟು ವರ್ಷ ನಡೆದುಕೊಂಡು ಬಂದಿದೆ.

ಉಪೆಂಗ್ ಬಿಕೊ ಮಾಡುವವಳು. ಅಂಟಕ್ಕಿಯನ್ನು ತೆಂಗಿನ ಹಾಲು, ಕಂದು ಸಕ್ಕರೆಯಲ್ಲಿ ಬೇಯಿಸಿ, ಬಾಳೆಲೆ ಹಾಸಿದ ಗೆರಸೆಯಲ್ಲಿ ತಟ್ಟಿ ಮಾಡುವ ಸಿಹಿ. ನಮ್ಮೂರಿನಲ್ಲಿ ಅದನ್ನು ಮಾಡದ ಮನೆಯಿಲ್ಲ, ಆದರೂ ಹಬ್ಬ ಬಂತೆಂದರೆ ಎಲ್ಲರೂ ಉಪೆಂಗ್ ಮನೆಯ ಬಾಗಿಲಿಗೇ ಹೋಗುತ್ತಾರೆ. ಅದಕ್ಕೆ ಕಾರಣ ಮೇಲೆ ಉದುರಿಸುವ ಲಾತಿಕ್. ಮೊದಲ ಸಲ ಹಿಂಡಿದ ಗಟ್ಟಿ ಹಾಲನ್ನು ಸಣ್ಣ ಉರಿಯಲ್ಲಿಟ್ಟು ಕೈಯಾಡಿಸುತ್ತಾ ಹೋದರೆ ಎಣ್ಣೆ ಬಿಟ್ಟುಕೊಂಡು, ಬೆಣ್ಣೆ ಕಾಯಿಸಿದಾಗ ತಳದಲ್ಲಿ ನಿಲ್ಲುವ ಗಸಿಯ ಹಾಗೆ ಕಂದು ಬಣ್ಣದ ಹರಳು ಹರಳಾದ ಗಸಿ ನಿಲ್ಲುತ್ತದೆ. ಒಂದು ಗಳಿಗೆ ಮೊದಲೇ ಇಳಿಸಿದರೆ ಹಸಿ, ಒಂದು ಗಳಿಗೆ ತಡವಾದರೆ ಕಹಿ. ಉಪೆಂಗ್ ಆ ಹೊತ್ತಿನಲ್ಲಿ ಯಾರನ್ನೂ ಒಲೆಯ ಹತ್ತಿರ ಸೇರಿಸುವುದಿಲ್ಲ. ಪಕ್ಕದಲ್ಲಿ ಯಾರಾದರೂ ಮುಖ ಸೊಟ್ಟ ಮಾಡಿಕೊಂಡು ನಿಂತರೂ ಹಾಲು ಒಡೆಯುತ್ತದಂತೆ. ನನ್ನ ಮುಖ ಹುಟ್ಟಿದಾಗಿನಿಂದ ಹೀಗೇ ಇದೆ ಎಂದರೆ, "ಹಾಗಾದ್ರೆ ಅಂಗಳದಲ್ಲೇ ಕೂತ್ಕೋ" ಎನ್ನುತ್ತಾಳೆ.

ಇನ್ನೊಂದು ವಿಷಯ. ಆ ಗಸಿಗೆ ಊರೆಲ್ಲ ಲಾತಿಕ್ ಎನ್ನುತ್ತದೆ. ಉಪೆಂಗ್ ಮನೆಯಲ್ಲಿ ಮಾತ್ರ ಅದಕ್ಕೆ ‘ಉದುರು’ ಎಂದು ಹೆಸರು. ಅವಳನ್ನು ಸಾಕಿದ ಚಿಕ್ಕಮ್ಮ ಹಾಗೆ ಕರೆಯುತ್ತಿದ್ದಳಂತೆ. "ಉದುರು ತಾ, ಉದುರು ಹಾಕು, ಬೆಕ್ಕು ಉದುರಿಗೆ ಬಾಯಿ ಹಾಕ್ತು" — ಹೀಗೆಯೇ ಅವರ ಮನೆಯ ಮಾತು. ಇದನ್ನು ನೆನಪಿಡಿ, ಎಲ್ಲ ಗಲಾಟೆಯೂ ಇಲ್ಲಿಂದಲೇ ಹುಟ್ಟಿದ್ದು.

ಆ ಚಿಕ್ಕಮ್ಮನ ಕೈಕೆಳಗೆ ಉಪೆಂಗ್ ಬಾಣಲೆಗೆ ಕೈ ಎಟುಕದ ವಯಸ್ಸಿನಲ್ಲೇ ಪೆಟ್ಟಿಗೆಯ ಮೇಲೆ ನಿಂತು ಸಟ್ಟುಗ ಆಡಿಸಿದವಳು. ಮುಂದೆ ಗೆರಸೆಯನ್ನು ತಲೆಯ ಮೇಲೆ ಹೊತ್ತು ಬೀದಿ ಬೀದಿ ಕೂಗಿ ಮಾರಿದಳು. ಹಾಗೆ ಮಾರುವಾಗಲೇ ಗಂಡ ಮಾಂಗ್ ದೊರೊ ಸಿಕ್ಕಿದ್ದು; ದೊಡ್ಡ ಹೆಂಗಸರಿಗೆ ಆಲಿಂಗ್ ಎಂದ ಹಾಗೆ ದೊಡ್ಡ ಗಂಡಸರಿಗೆ ನಮ್ಮಲ್ಲಿ ಮಾಂಗ್ ಎನ್ನುತ್ತಾರೆ. ಆಗವನು ಹೊಸದಾಗಿ ಮೂರು ಚಕ್ರದ ಗಾಡಿ ಓಡಿಸುತ್ತಿದ್ದ ಹುಡುಗ. ದಿನವೂ ಅವಳ ದಾರಿಗೇ ಗಾಡಿ ತಿರುಗಿಸಿ ಬಿಕೊ ತಿನ್ನುತ್ತಿದ್ದ. ಒಂದು ದಿನ ಬಾಯಲ್ಲಿ ತುತ್ತು ಇಟ್ಟುಕೊಂಡೇ ಹೇಳಿದನಂತೆ, "ನಿನ್ನ ಬಿಕೊ ತಿಂದು ತಿಂದು ಹಲ್ಲೆಲ್ಲ ಅಂಟ್ಕೊಂಡ್ಬಿಟ್ಟಿದೆ ಕಣೇ. ಇನ್ನು ಬೇರೆ ಯಾರ ಮನೇಲೂ ಬಾಯಿ ಬಿಟ್ಟು ಹೆಣ್ಣು ಕೇಳೋಕಾಗಲ್ಲ." ಇಂಥ ಮಾತಿಗೆ ಬೀಳುವ ಹುಡುಗಿಯರೂ ಇದ್ದಾರೆ ನೋಡಿ. ಉಪೆಂಗ್ ಬಿದ್ದಳು. ಈಗಲೂ ದೊರೊ ಬೆಳಿಗ್ಗೆ ಕಾಯಿ ಹಿಂಡಿಕೊಟ್ಟು, ಗೆರಸೆಗಳನ್ನು ಗಾಡಿಗೆ ಏರಿಸಿ, ಪೇಟೆಗೆ ಮುಟ್ಟಿಸಿ, ಆಮೇಲೆ ಬಾಡಿಗೆಗೆ ಹೋಗುತ್ತಾನೆ.

ಕಾಲ ಬದಲಾಯಿತು. ಈಗ ನಮ್ಮೂರಿನಲ್ಲಿ ನೇರಳೆ ಗೆಣಸು ಹಾಕದ ತಿಂಡಿ ಹುಡುಕಬೇಕು. ಬ್ರೆಡ್ಡಿನಲ್ಲಿ ಅದು, ಕೇಕಿನಲ್ಲಿ ಅದು, ಕಾಫಿಯಲ್ಲೂ ಅದು. ಬಿಬಿಂಗ್ಕ ಎಂಬ ಅಕ್ಕಿ ಕೇಕಿಗೆ ಐಸ್‌ಕ್ರೀಮ್ ಹಚ್ಚುತ್ತಾರೆ, ಬಾಳೆಹಣ್ಣಿನ ಸುರುಳಿಯೊಳಗೆ ಚಾಕೊಲೇಟ್ ತುಂಬುತ್ತಾರೆ. ನನಗೇನೂ ತಕರಾರಿಲ್ಲ, ಎಲ್ಲಕ್ಕೂ ಕಾಯಿ ಬೇಕೇ ಬೇಕು. ಉಪೆಂಗ್ ಮಾತ್ರ ಆ ಅಂಗಡಿಗಳ ಮುಂದೆ ಹಾದುಹೋಗುವಾಗ ಗಾಜಿನೊಳಗೆ ಇಣುಕಿ, "ಮಕ್ಕಳಾಟದ ಸಾಮಾನು" ಎಂದು ಹೇಳಿ ಮುಂದೆ ನಡೆಯುತ್ತಾಳೆ.

ಇಂಥವಳ ಮನೆಗೇ ಆಟದ ಸಾಮಾನು ಮಾಡುವ ಸೊಸೆ ಬಂದಳು.

ಮಗ ಆರ್ನೆಲ್ ಕಲಾಂಬ ಪಟ್ಟಣಕ್ಕೆ ಬಾಡಿಗೆ ಜೀಪ್ ಓಡಿಸುತ್ತಾನೆ. ಅಲ್ಲಿ ಜೀಪ್ ನಿಲ್ಲುವ ಕಡೆಯ ಬೇಕರಿಯಲ್ಲಿ ಕೆಲಸಕ್ಕಿದ್ದವಳು ಜೊವಿ. ದೂರದ ಬೊಹೊಲ್ ದ್ವೀಪದವಳು, ದುಂಡುಮುಖ, ನಕ್ಕರೆ ಕಣ್ಣು ಮುಚ್ಚಿಹೋಗುತ್ತದೆ. ಮದುವೆಯಾಗಿ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ಬರುವಾಗ ಒಂದು ಪುಟ್ಟ ಓವನ್ ಹೊತ್ತುಕೊಂಡು ಬಂದಿದ್ದಳು. ಅದರಲ್ಲಿ ಏನೇನೋ ಮಾಡುತ್ತಿದ್ದಳು: ಕಾಗದದ ಬಟ್ಟಲಲ್ಲಿ ಮೊಟ್ಟೆ ಹಾಲಿನ ಕಡುಬು, ಅದರ ಮೇಲೆ ಸುಟ್ಟ ಸಕ್ಕರೆಯ ಗಾಜಿನಂಥ ಹಾಳೆ, ಮರಗೆಣಸಿನ ಕೇಕಿಗೆ ಕ್ಯಾಲಮಾನ್ಸಿ ನಿಂಬೆಯ ಹುಳಿ. ಬ್ಯಾಂಕಿನ ಹುಡುಗಿಯರು ಫೋನ್ ಮಾಡಿ ತರಿಸಿಕೊಳ್ಳುತ್ತಿದ್ದರು. ನಾನೂ ತಿಂದಿದ್ದೇನೆ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿತ್ತು.

ಆದರೆ ಹಿತ್ತಲ ಕೊಟ್ಟಿಗೆಯ ದೊಡ್ಡ ಒಲೆಯ ಹತ್ತಿರ ಅವಳಿಗೆ ಪ್ರವೇಶವಿಲ್ಲ. ಕಾಯಿ ತರಬಹುದು, ಬಾಳೆಲೆ ಒರೆಸಬಹುದು, ಅಷ್ಟೇ. ಸಟ್ಟುಗಕ್ಕೆ ಕೈ ಹಾಕಿದರೆ ಉಪೆಂಗ್, "ನೀನು ಹೋಗಿ ನಿನ್ನ ಪೆಟ್ಟಿಗೇಲಿ ಬೇಯಿಸ್ಕೋ ಮಗಳೇ" ಎನ್ನುತ್ತಿದ್ದಳು. ಬೈಗುಳವಲ್ಲ, ಆದರೆ ಬೈದಿದ್ದರೇ ವಾಸಿ ಎನ್ನುವ ಹಾಗಿರುತ್ತಿತ್ತು.

ಒಂದು ದಿನ ಜೊವಿ ಕಾಯಿಗೆ ಬಂದವಳು ನನ್ನ ತುರಿಯುವ ಮಷಿನ್ ಪಕ್ಕದಲ್ಲಿ ನಿಂತೇ ಇದ್ದಳು. ಚೀಲ ತುಂಬಿದ ಮೇಲೂ ಹೋಗಲಿಲ್ಲ.

"ಆತೆ ಸ್ಯೊನಿಂಗ್, ಒಂದು ಮಾತು ಹೇಳ್ತೀನಿ. ನಾನಾಯ್‌ಗೆ ಹೇಳ್ಬಾರ್ದು."

ನಮ್ಮಲ್ಲಿ ಅಕ್ಕನಿಗೆ ಆತೆ, ತಾಯಿಗೆ ನಾನಾಯ್. ಅತ್ತೆಗೂ ನಾನಾಯ್ ಎಂದೇ ಕರೆಯುತ್ತಾರೆ, ಕರುಳು ಒಪ್ಪಲಿ ಬಿಡಲಿ.

"ಹೇಳು. ನನ್ನ ಹೊಟ್ಟೇಲಿ ಮಾತು ನಿಲ್ಲುತ್ತೆ" ಎಂದೆ. ಇಡೀ ಪೇಟೆಗೆ ಗೊತ್ತು ನಿಲ್ಲುವುದಿಲ್ಲವೆಂದು, ಆದರೆ ಅವಳು ಹೊಸಬಳು.

"ಹಳೇ ಬೇಕರಿಯವರು ವಾಪಸ್ ಕರೀತಿದ್ದಾರೆ. ಸಿಹಿತಿಂಡಿ ವಿಭಾಗ ಪೂರ್ತಿ ನನ್ನ ಕೈಗೇ ಕೊಡ್ತಾರಂತೆ. ಆರ್ನೆಲ್ ನಿನ್ನಿಷ್ಟ ಅಂದ. ಅಲ್ಲೇ ಮನೆ ಮಾಡ್ಕೊಂಡು ಇರ್ಬಹುದು."

"ಸರಿ ಮತ್ತೆ, ಹೋಗು. ಯಾರು ಹಿಡ್ಕೊಂಡಿದ್ದಾರೆ?"

"ನಂಗೆ ಇಲ್ಲೇ ಇರ್ಬೇಕು ಅಂತಿದೆ ಆತೆ." ಚೀಲವನ್ನು ಕೆಳಗಿಟ್ಟಳು. "ನಾನಾಯ್ ಬಿಕೊ ಕಲೀಬೇಕು ಅಂತಲೇ ನಾನು ಈ ಮನೆಗೆ ಖುಷಿಯಿಂದ ಬಂದಿದ್ದು. ಆದ್ರೆ ಒಲೆ ಮುಟ್ಟೋಕೇ ಬಿಡ್ದಿದ್ರೆ ನಾನು ಮನೆಯವಳಾಗೋದು ಯಾವಾಗ? ಒಂದೇ ಒಂದು ಸಲ ಬಿಟ್ಟು ನೋಡ್ಲಿ. ಅದೂ ಆಗ್ದಿದ್ರೆ ತಿಂಗಳ ಕೊನೆಗೆ ಹೊರಟ್ಬಿಡ್ತೀನಿ."

ನನಗೆ ಸಿಟ್ಟು ಬಂತು. ಉಪೆಂಗ್ ಮೇಲೆ, ಇನ್ನಾರ ಮೇಲೆ? ವಯಸ್ಸಾಗುತ್ತಿದೆ, ಸಟ್ಟುಗ ಆಡಿಸಿ ಮಣಿಕಟ್ಟು ಸವೆದಿದೆ, ಮಗನಿಗೆ ಜೀಪ್ ಬಿಟ್ಟು ಬೇರೆ ಗೊತ್ತಿಲ್ಲ. ಈ ಹುಡುಗಿ ಹೋದರೆ ಆ ಒಲೆ ಅಲ್ಲಿಗೆ ಮುಗಿಯಿತು. ಆ ಹೆಂಗಸಿಗೆ ಇಷ್ಟೂ ಕಾಣುವುದಿಲ್ಲವೇ? ಹೇಳಿಬಿಡೋಣವೆಂದು ನಾಲಗೆ ತುದಿಗೆ ಬಂದಿತ್ತು. ಮಾತು ಕೊಟ್ಟಿದ್ದೆನಲ್ಲ, ಹೇಗೋ ನುಂಗಿಕೊಂಡೆ.

ಅಷ್ಟರಲ್ಲಿ ಉಪೆಂಗ್‌ಗೆ ಪಾಸ್ಮ ಹಿಡಿಯಿತು. ಬೆಂಕಿಯ ಮುಂದೆ ಕಾದ ಕೈಯನ್ನು ತಣ್ಣೀರಿಗೆ ಅದ್ದಿದರೆ ಪಾಸ್ಮ ಬರುತ್ತದೆಂದು ನಮ್ಮಲ್ಲಿ ಕೂಸಿಗೂ ಗೊತ್ತು. ಗೊತ್ತಿದ್ದೂ, ಬಾಣಲೆ ಇಳಿಸಿದ ಕೂಡಲೇ ಯಾವುದೋ ಯೋಚನೆಯಲ್ಲಿ ತಣ್ಣೀರಿನಲ್ಲಿ ಬಾಳೆಲೆ ತೊಳೆದುಬಿಟ್ಟಳು ಮಹಾರಾಯಿತಿ. ಮರುದಿನಕ್ಕೆ ಬೆರಳು ನಡುಗುತ್ತಿತ್ತು, ಮಣಿಕಟ್ಟು ಊದಿಕೊಂಡಿತ್ತು. ಅದೂ ಎಂಥ ಸಮಯದಲ್ಲಿ! ನಮ್ಮೂರ ಶಾಲೆಯ ಟೀಚರ್ ನೆನಿತಳ ಮಗನಿಗೆ ಹೆಣ್ಣು ಕೇಳುವ ಶಾಸ್ತ್ರದ ದಿನ. ಹುಡುಗನ ಕಡೆಯವರು ಹುಡುಗಿಯ ಮನೆಯ ಮೆಟ್ಟಿಲು ಹತ್ತುವಾಗ ಬಿಕೊ ಇರಲೇಬೇಕು, ಅಂಟಕ್ಕಿಯ ಹಾಗೆ ಎರಡು ಮನೆ ಅಂಟಿಕೊಳ್ಳಲಿ ಎಂದು. ಮೇಲಾಗಿ ಚರ್ಚಿನಲ್ಲಿ ಆ ಹುಡುಗನ ಜ್ಞಾನಸ್ನಾನಕ್ಕೆ ಧರ್ಮಮಾತೆಯಾಗಿ ನಿಂತವಳು ಉಪೆಂಗ್. ಇಂಥ ದಿನ ಆಗುವುದಿಲ್ಲ ಎನ್ನುವುದು ಹೇಗೆ?

ಆ ಬೆಳಿಗ್ಗೆ ನಾನೇ ಕಾಯಿತುರಿ ತಲುಪಿಸಲು ಹೋಗಿದ್ದೆ. ದೊರೊ ಹಾಲು ಹಿಂಡಿ ಇಟ್ಟಿದ್ದ. ಉಪೆಂಗ್ ಕೈಗೆ ಬಟ್ಟೆ ಸುತ್ತಿಕೊಂಡು, ಎಣ್ಣೆ ಹಚ್ಚಿ ನೋವು ತಿಕ್ಕುವ ಊರಾಚೆಯ ಮುದುಕಿಯ ಹತ್ತಿರ ಹೋಗಲು ಗಾಡಿ ಹತ್ತಿ ಕುಳಿತಿದ್ದಳು. ಕುಳಿತವಳು ಇಳಿದಳು. ಮತ್ತೆ ಹತ್ತಿದಳು. ಕೊನೆಗೆ ಕಹಿ ಔಷಧಿ ಕುಡಿಯುವವಳ ಮುಖ ಮಾಡಿಕೊಂಡು ಕೂಗಿದಳು.

"ಜೊವಿ! ಮೊದಲ ಹಾಲು ಆ ದೊಡ್ಡ ಪಾತ್ರೇಲಿದೆ. ಅಷ್ಟಕ್ಕೂ ಲಾತಿಕ್ ಮಾಡಿಡು. ಟೀಚರ್ ನೆನಿತ ಲಾತಿಕ್ ಜಾಸ್ತಿ ಇರ್ಲಿ ಅಂದಿದ್ದಾರೆ, ಬೇರೆ ಪಾತ್ರೇಲೂ ಕೇಳಿದ್ದಾರೆ. ಬರುತ್ತಾ ನಿಂಗೆ?"

ಟೀಚರ್ ಹೇಳಿದ ಮಾತನ್ನೇ ಒಪ್ಪಿಸುವಾಗ ಟೀಚರ್ ಬಾಯಿಯ ಪದವೇ ಬಂದಿತ್ತು. ಮನೆಯ ‘ಉದುರು’ ಅಲ್ಲ.

ಜೊವಿಯ ಮುಖ ಊರಗಲ ಆಯಿತು. "ಚಿಕ್ಕೋಳಿದ್ದಾಗ್ಲಿಂದ ಮಾಡಿದ್ದೀನಿ ನಾನಾಯ್! ನಮ್ಮೂರಲ್ಲಿ ನಾನು ಲಾತಿಕ್ ಮಾಡ್ತೀನಿ ಅಂದ್ರೆ ಅಕ್ಕಪಕ್ಕದವರೆಲ್ಲ ಬಟ್ಟಲು ಹಿಡ್ಕೊಂಡು ಬರೋರು."

ಬಟ್ಟಲು ಎಂದಾಗಲೇ ಯಾರಾದರೂ ಕಿವಿ ನೆಟ್ಟಗೆ ಮಾಡಬೇಕಿತ್ತು. ಉದುರಿಸುವ ಗಸಿಗೆ ಬಟ್ಟಲು ಯಾಕೆ? ಆದರೆ ಉಪೆಂಗ್‌ಗೆ ಕೈನೋವು, ನನಗೆ ಅಂಗಡಿ ತೆರೆಯುವ ಅವಸರ.

ಮಧ್ಯಾಹ್ನ ಅಂಗಡಿ ಮುಚ್ಚಿ ನೇರ ಅವರ ಮನೆಗೇ ನಡೆದೆ. ಹುಡುಗಿ ಏನು ಮಾಡಿದಳೋ ಎಂಬ ಕುತೂಹಲ ತಡೆಯಲಾಗಲಿಲ್ಲ. ನಾನು ಕೊಟ್ಟಿಗೆ ಸೇರುವುದಕ್ಕೂ ದೊರೊನ ಗಾಡಿ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಉಪೆಂಗ್ ಕೈಗೆ ಎಣ್ಣೆ ಹಚ್ಚಿ ಎಲೆ ಕಟ್ಟಿದ್ದರು. ಇಳಿದವಳೇ ಗಾಳಿ ಮೂಸಿದಳು.

"ಸಕ್ಕರೆ ವಾಸನೆ ಯಾಕೆ ಬರ್ತಿದೆ?"

ಜೊವಿ ಬಾಣಲೆಯ ಮುಚ್ಚಳ ತೆಗೆದಳು. ಒಳಗೆ ಜೇನಿಗಿಂತ ಕಪ್ಪಾದ, ಮಂದವಾದ ಪಾಕ ಫಳಫಳ ಹೊಳೆಯುತ್ತಿತ್ತು. ಸಟ್ಟುಗ ಎತ್ತಿದರೆ ಹಗ್ಗದ ಹಾಗೆ ಇಳಿಯುತ್ತಿತ್ತು. "ಆಗಿದೆ ನಾನಾಯ್. ಒಂಚೂರೂ ತಳ ಹಿಡಿದಿಲ್ಲ."

"ಇದೇನಿದು?"

"ಲಾತಿಕ್."

"ಇದು ಲಾತಿಕ್ಕಾ?"

"ಹ್ಞೂಂ. ಹಾಲು, ಕಂದು ಸಕ್ಕರೆ, ಚಿಟಿಕೆ ಉಪ್ಪು. ಲಾತಿಕ್ ಅಲ್ವಾ?"

"ಅಯ್ಯೋ ದೇವರೇ! ಲಾತಿಕ್ ಅಂದ್ರೆ ಮೇಲೆ ಹಾಕೋದು ಕಣೇ! ಗಸಿ! ಇಷ್ಟು ದಿನದಿಂದ ನೋಡ್ತಿಲ್ವಾ ನೀನು?"

ಜೊವಿ ಕಣ್ಣು ಕಣ್ಣು ಬಿಟ್ಟಳು. "ಅದು ಉದುರು ಅಲ್ವಾ ನಾನಾಯ್? ನೀವೇ ಉದುರು ಅಂತೀರಲ್ಲ! ನಮ್ಮ ಕಡೆ ಲಾತಿಕ್ ಅಂದ್ರೆ ಪಾಕ. ಬೇರೆ ಪಾತ್ರೇಲಿ ಕೇಳಿದ್ದಾರೆ ಅಂದ್ರಿ, ನಾನು ಸುರ್ಕೊಳ್ಳೋಕೆ ಅಂದ್ಕೊಂಡೆ."

ಒಂದೇ ದೇಶ, ಒಂದೇ ತೆಂಗಿನಕಾಯಿ, ಒಂದೇ ಪದ. ಕಡಲು ದಾಟಿದರೆ ಅರ್ಥ ಬೇರೆ. ನನಗೆ ನಗು ಬಂತು. ಉಪೆಂಗ್ ಮುಖ ನೋಡಿ ನಗು ಒಳಗೇ ಹೋಯಿತು. ಅವಳು ಕೂಗಾಡಿದ್ದರೆ ಹೆದರುತ್ತಿರಲಿಲ್ಲ. ಅವಳು ಸುಮ್ಮನೆ ಮಣೆಯ ಮೇಲೆ ಕುಳಿತುಬಿಟ್ಟಳು. ಹೊಸದಾಗಿ ಕಾಯಿ ತುರಿದು, ಹಿಂಡಿ, ಸಣ್ಣ ಉರಿಯಲ್ಲಿ ಗಸಿ ತೆಗೆಯಬೇಕೆಂದರೆ ಸೂರ್ಯ ಮುಳುಗುತ್ತಾನೆ. ಅವರೆಲ್ಲ ಹುಡುಗಿಯ ಮನೆಗೆ ಹೋಗುವುದು ನಾಲ್ಕು ಗಂಟೆಯ ತಿಂಡಿಯ ಹೊತ್ತಿಗೆ.

ಜೊವಿ ಅಡುಗೆಗೆಂದು ಸೊಂಟಕ್ಕೆ ಸುತ್ತಿಕೊಂಡಿದ್ದ ಬಟ್ಟೆಯನ್ನು ಮೆಲ್ಲಗೆ ಬಿಚ್ಚಿ ಮಡಿಸಿದಳು. "ತಪ್ಪಾಯ್ತು ನಾನಾಯ್. ಒಂದು ಸಲ ಒಲೆ ಸಿಕ್ರೆ ಸಾಕು ಅಂತಿದ್ದೆ, ಸಿಕ್ತು, ಕೆಡಿಸ್ದೆ. ಕಲಾಂಬದ ಬೇಕರಿಯವರು ಕರೀತಿದ್ದಾರೆ. ನಾನೂ ಆರ್ನೆಲ್ಲೂ ಅಲ್ಲಿಗೇ ಹೋಗ್ತೀವಿ. ನಿಮಗೂ ನಿಶ್ಚಿಂತೆ."

"ಯಾವ ಬೇಕರಿ?" ಉಪೆಂಗ್ ತಲೆ ಎತ್ತಿದಳು. ಅವಳ ದನಿ ಬದಲಾಗಿತ್ತು. ನನ್ನ ಕಡೆ ನೋಡಿದಳು. ನಾನು ಸೂರು ನೋಡಿದೆ.

ಅಷ್ಟರಲ್ಲಿ ಚಪ್ ಚಪ್ ಎಂದು ಸದ್ದು ಕೇಳಿಸಿತು. ಮಾಂಗ್ ದೊರೊ ಬಾಣಲೆಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಚಮಚದಿಂದ ಪಾಕ ನೆಕ್ಕುತ್ತಿದ್ದ.

"ನೀವು ಮಾತಾಡಿ, ಮಾತಾಡಿ," ಎಂದ. "ನಾನೇನೂ ಕೇಳಿಸ್ಕೊಳ್ತಿಲ್ಲ."

"ದೊರೊ! ಇರೋದನ್ನೂ ನೆಕ್ಕಿ ಮುಗಿಸ್ತೀಯಾ?" ಉಪೆಂಗ್ ಎದ್ದು ಎಡಗೈಯಿಂದ ಚಮಚ ಕಿತ್ತುಕೊಂಡಳು. ಚಮಚದಲ್ಲಿ ಪಾಕ ಇತ್ತು. ಒರೆಸಿ ಎಸೆಯುವ ಹೆಂಗಸಲ್ಲ ಅವಳು, ಬಾಯಿಗಿಟ್ಟುಕೊಂಡಳು. ಆಮೇಲೆ ಬಾಣಲೆಗೆ ಚಮಚ ಅದ್ದಿ ಇನ್ನೊಂದು ಸಲ ಇಟ್ಟುಕೊಂಡಳು.

"ಶುಂಠಿ ಹಾಕಿಲ್ವಾ?"

"ಇಲ್ಲ ನಾನಾಯ್."

"ಹಾಕ್ಬೇಕಿತ್ತು." ಚಮಚ ಕೆಳಗಿಟ್ಟಳು. "ಹೋಗೋಳು ಆಮೇಲೆ ಹೋಗು. ಈಗ ಬಟ್ಟೆ ಕಟ್ಕೊಂಡು ಅಂಟಕ್ಕಿ ತೊಳಿ. ನನ್ನ ಕೈಗೆ ನೀರು ಮುಟ್ಟೋ ಹಾಗಿಲ್ಲ ಅಂದಿದ್ದಾಳೆ ಆ ಮುದುಕಿ."

ಅಲ್ಲಿಂದ ಮುಂದೆ ಕೊಟ್ಟಿಗೆಯಲ್ಲಿ ನಡೆದದ್ದನ್ನು ಜಗಳ ಎನ್ನಬೇಕೋ ಅಡುಗೆ ಎನ್ನಬೇಕೋ ತಿಳಿಯದು. ಉಪೆಂಗ್ ಮಣೆಯ ಮೇಲೆ ಕುಳಿತು ಅಪ್ಪಣೆ ಮಾಡುತ್ತಿದ್ದಳು, ಜೊವಿ ಮಾಡುತ್ತಿದ್ದಳು, ಮಾಡುತ್ತಲೇ ಎದುರು ಮಾತೂ ಆಡುತ್ತಿದ್ದಳು. ಪಾಕವೇ ಇಷ್ಟು ಸಿಹಿಯಿರುವಾಗ ಅನ್ನಕ್ಕೆ ಸಕ್ಕರೆ ಕಡಿಮೆ ಸಾಕೆಂದು ಜೊವಿ ವಾದಿಸಿದಳು, ಉಪೆಂಗ್ ಗೊಣಗಿಕೊಂಡು ಒಪ್ಪಿದಳು. ಎರಡನೇ ಹಾಲಿನಲ್ಲಿ ಅಕ್ಕಿ ಬೇಯಿಸುವಾಗ ಶುಂಠಿ ಜಜ್ಜಿ ಹಾಕಲೇಬೇಕೆಂದು ಉಪೆಂಗ್ ಹಠ ಹಿಡಿದಳು, ಜೊವಿ ಹಾಕಿದಳು. ಮೇಲೆ ಉದುರಿಸಲು ಗಸಿ ಇಲ್ಲವಲ್ಲ? ಹಾಲು ಹಿಂಡಿ ಮೂಲೆಗೆ ಹಾಕಿದ್ದ ತುರಿಯನ್ನು ಜೊವಿ ಎತ್ತಿಕೊಂಡಳು.

"ಅದು ಕೋಳಿಗೆ ಹಾಕೋದು!"

"ಸ್ವಲ್ಪ ತಡೀರಿ ನಾನಾಯ್." ಪಾಕದಲ್ಲೇ ಒಂದು ಹನಿ ಬೆರೆಸಿ, ಉಪ್ಪು ಚಿಮುಕಿಸಿ, ಒಣ ಬಾಣಲೆಯಲ್ಲಿ ಕೆಂಪಗೆ ಹುರಿದಳು. ಬಾಯಿಗೆ ಹಾಕಿದರೆ ಕುರುಕುರು. ಕೋಳಿಗಳು ಆ ದಿನ ಉಪವಾಸ.

ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಜೊವಿ ತನ್ನ ಕಾಗದದ ಬಟ್ಟಲುಗಳನ್ನು ತಂದಳು. ಒಂದೊಂದು ಬಟ್ಟಲಲ್ಲಿ ಬಿಕೊ ತುಂಬಿ, ನಡುವೆ ಪಾಕ ಹುದುಗಿಸಿ, ಮೇಲೆ ಕುರುಕಲು ಹಾಕಿದರೆ ಎಷ್ಟು ಚಂದ ಎಂದಳು.

ಉಪೆಂಗ್ ಕೆಂಡವಾದಳು. "ಹೆಣ್ಣು ಕೇಳೋ ಮನೆಗೆ ಬಿಕೊ ಬಿಡಿ ಬಿಡಿ ಮಾಡಿ ತಗೊಂಡ್ಹೋಗ್ತಾರಾ? ಗಂಡು ಒಂದು ಬಟ್ಟಲು, ಹೆಣ್ಣು ಇನ್ನೊಂದು ಬಟ್ಟಲು? ಒಂದೇ ಗೆರಸೆ! ಒಂದೇ!"

ಈ ಸಲ ಜೊವಿ ಸುಮ್ಮನಾದಳು. ಇದು ಬೇಕರಿಯಲ್ಲಿ ಕಲಿಸುವ ಪಾಠವಲ್ಲ. ಬಟ್ಟಲುಗಳನ್ನು ಒಳಗಿಟ್ಟು ಬಂದು, ದೊಡ್ಡ ಗೆರಸೆಯಲ್ಲೇ ಅರ್ಧ ಬಿಕೊ ತಟ್ಟಿ, ಮೇಲೆ ಪಾಕ ಹರಡಿ, ಅದರ ಮೇಲೆ ಉಳಿದರ್ಧ ಮುಚ್ಚಿದಳು. ಹೊರಗಿನಿಂದ ನೋಡಿದರೆ ಸಾದಾ ಬಿಕೊ. ಉಪೆಂಗ್ ಬಗ್ಗಿ ಅಂಚು ನೋಡಿದಳು, ಎಡಗೈಯಿಂದ ಒಂದು ಕಡೆ ಒತ್ತಿ ಸರಿಮಾಡಿದಳು. ಚೆನ್ನಾಗಿದೆ ಎನ್ನಲಿಲ್ಲ. ಆದರೆ ಮುಖ ತೊಳೆದುಕೊಂಡು ಬಾ, ನೀನೂ ಹೊರಡು ಎಂದಳು.

ನನಗೆ ಅಲ್ಲೇನು ಕೆಲಸ? ಏನೂ ಇಲ್ಲ. ಆದರೂ ಗಾಡಿಯಲ್ಲಿ ತೂರಿಕೊಂಡೆ. ಇಷ್ಟೆಲ್ಲ ನೋಡಿದ ಮೇಲೆ ಕೊನೆ ನೋಡದೆ ಮನೆಗೆ ಹೋಗಿ ಮಲಗಲು ನಾನೇನು ಕಲ್ಲೇ? ದಾರಿಯುದ್ದಕ್ಕೂ ಜೊವಿ ಗೆರಸೆಯನ್ನು ತೊಡೆಯ ಮೇಲೆ ಅಪ್ಪಿ ಹಿಡಿದಿದ್ದಳು. ಕಲಾಂಬದ ಮಾತು ಯಾರೂ ಎತ್ತಲಿಲ್ಲ. ಈ ಬಿಕೊ ಅಲ್ಲಿ ಹಿಡಿಸದಿದ್ದರೆ ಅವಳೂ ಹೋಗುತ್ತಾಳೆ ಎಂಬುದು ಗಾಡಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಹುಡುಗಿಯ ಮನೆ ಬುನೊಟ್ ಕೆರೆಯ ಬದಿಯಲ್ಲಿ. ಟೀಚರ್ ನೆನಿತ ಗಂಜಿ ಹಾಕಿದ ಉಡುಪಿನಲ್ಲಿ ಬೆವರುತ್ತಾ ಕಾಯುತ್ತಿದ್ದಳು. ಎಲ್ಲರೂ ಮೆಟ್ಟಿಲು ಹತ್ತಿದೆವು. ಕೇಳಬೇಕಾದ್ದನ್ನು ಕೇಳಿದರು, ಹೇಳಬೇಕಾದ್ದನ್ನು ಹೇಳಿದರು, ಹುಡುಗಿ ನಾಚಿದಳು, ಹುಡುಗ ಅವಳಿಗಿಂತ ಹೆಚ್ಚು ನಾಚಿದ. ಮದುವೆಯ ತಿಂಗಳೂ ಗೊತ್ತಾಯಿತು. ಆಮೇಲೆ ತಿಂಡಿ. ಆ ಮನೆಯಲ್ಲಿ ಮೊದಲ ತುಂಡು ಹುಡುಗಿಯ ಅಜ್ಜ ಲೊಲೊ ಕಾಸ್ಯೊನಿಗೆ. ಬಿಕೊ ವಿಷಯದಲ್ಲಿ ಆ ಮುದುಕ ಬಲು ಚೂಟಿ. ಉಪೆಂಗ್‌ಳ ಚಿಕ್ಕಮ್ಮನ ಕಾಲದಿಂದ ತಿಂದ ನಾಲಗೆ ಅದು.

ಜೊವಿ ಗೆರಸೆ ಹಿಡಿದು ಅವನ ಮುಂದೆ ಬಗ್ಗಿದಳು. ಲೊಲೊ ಚಾಕು ಹಾಕಿ ತುಂಡು ಎತ್ತಿದ. ನಡುವಿನಿಂದ ಕಪ್ಪು ಪಾಕ ನಿಧಾನವಾಗಿ ಇಳಿದು ತಟ್ಟೆಯಲ್ಲಿ ಹರಡಿತು. ಮಕ್ಕಳು ಓಹೋ ಎಂದು ಕೂಗಿದವು. ಲೊಲೊ ಹುಬ್ಬು ಗಂಟಿಕ್ಕಿದ. ಬಾಯಿಗಿಟ್ಟುಕೊಂಡ, ಅಗಿದ, ಅಗಿಯುವುದನ್ನು ನಿಲ್ಲಿಸಿದ.

"ಲಾತಿಕ್ ಎಲ್ಲಿ?"

ಲೊಲೊ ಚಾಕುವಿನಿಂದ ತುಂಡನ್ನು ಕೆದಕಿ ನೋಡಿದ.

"ಹಲ್ಲು ಹೋಗಿರ್ಬಹುದು, ನಾಲಗೆ ಹೋಗಿಲ್ಲ ನಂಗೆ. ಮೇಲಿರೋದು ಹಿಂಡಿದ ತುರಿ. ಒಳಗಿರೋದು ಯಾವುದೋ ಪಾಕ. ಇದು ಉಪೆಂಗ್ ಕೈಯದ್ದಲ್ಲ. ಯಾರು ಮಾಡಿದ್ದು?"

ಎಲ್ಲರ ಕಣ್ಣೂ ಜೊವಿಯ ಕಡೆ ತಿರುಗಿತು. ಅವಳು ಗೆರಸೆ ಹಿಡಿದೇ ಒಂದು ಹೆಜ್ಜೆ ಹಿಂದೆ ಸರಿದಳು. ಟೀಚರ್ ನೆನಿತ ಗಡಿಬಿಡಿಯಿಂದ ನಡುವೆ ಬಂದಳು. ಮದುವೆ ಮಾತು ಮುಗಿದ ಮನೆಯಲ್ಲಿ ಮುನಿಸು ಬೇಡವಲ್ಲ. "ತಪ್ಪು ತಿಳ್ಕೋಬೇಡಿ ಲೊಲೊ, ಆ ಹುಡುಗಿ ಬೊಹೊಲ್ ಕಡೆಯವಳು. ಹೊಸಬಳು. ನಮ್ಮ ಕಡೆಯ ಲಾತಿಕ್ ಗೊತ್ತಿಲ್ಲ ಪಾಪ, ಆಲಿಂಗ್ ಉಪೆಂಗ್—"

"ಗೊತ್ತಿಲ್ಲ ಅಂದೋರು ಯಾರು?"

ಉಪೆಂಗ್ ಎದ್ದು ನಿಂತಿದ್ದಳು. ಎಲೆ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ಇಡೀ ಕೋಣೆ ದಾಟಿ ಬಂದು ಜೊವಿಯ ಪಕ್ಕದಲ್ಲಿ ನಿಂತಳು. "ನನ್ನ ಸೊಸೆ ಮಾಡಿದ್ದು. ಆ ಪಾಕ ಇದೆಯಲ್ಲ ಲೊಲೊ, ಅದೇ ಲಾತಿಕ್. ನಮ್ಮನೇಲಿ ಲಾತಿಕ್ ಅಂದ್ರೆ ಅದೇ."

"ಯಾವಾಗ್ಲಿಂದ?" ಮುದುಕ ಬಿಡುವವನಲ್ಲ.

"ಇವತ್ತು ಬೆಳಿಗ್ಗೆಯಿಂದ."

ಮೊದಲು ನಕ್ಕವನು ಮಾಂಗ್ ದೊರೊ. ಆಮೇಲೆ ಹುಡುಗಿ, ಆಮೇಲೆ ಇಡೀ ಮನೆ. ಲೊಲೊ ಕಾಸ್ಯೊ ನಗಲಿಲ್ಲ. ತಟ್ಟೆಯಲ್ಲಿ ಹರಿದಿದ್ದ ಪಾಕವನ್ನು ಬೆರಳಿನಿಂದ ಬಳಿದು ಬಾಯಿಗಿಟ್ಟುಕೊಂಡು, ತಟ್ಟೆಯನ್ನು ಜೊವಿಯ ಮುಂದೆ ಚಾಚಿದ. "ಸರಿ. ಆ ಹೊಸ ಲಾತಿಕ್ ಇರೋ ಕಡೆ ನೋಡಿ ಇನ್ನೊಂದು ತುಂಡು ಹಾಕು" ಎಂದ.

ಹಾಕಲು ಜೊವಿಗೆ ಕಣ್ಣೇ ಕಾಣುತ್ತಿರಲಿಲ್ಲ. ಗೆರಸೆಯ ಮೇಲೆ ಬಗ್ಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನನಗೂ ಅಳು ಬಂದು, ಅದನ್ನು ಮುಚ್ಚಿಕೊಳ್ಳಲು ಟೀಚರ್ ನೆನಿತಳ ಮೇಲೆ ಸುಮ್ಮನೆ ರೇಗಿದೆ. ಉಪೆಂಗ್ ತನ್ನ ಒಳ್ಳೆಯ ಕೈಯಿಂದ ಸೊಸೆಯ ಗದ್ದ ಎತ್ತಿದಳು.

"ಆ ಕಡೆ ತಿರುಗಿ ಅಳು ಮಗಳೇ. ಬಿಕೊ ಮೇಲೆ ಕಣ್ಣೀರು ಬೀಳಿಸ್ಬೇಡ, ಉಪ್ಪು ಆಗ್ಲೇ ಸರಿಯಾಗಿದೆ."

ಮನೆ ಮಾಡಿಕೊಂಡಿರಲು ಕಲಾಂಬಕ್ಕೆ ಯಾರೂ ಹೋಗಲಿಲ್ಲ.